ಅರ್ಹರೆಂದು ವೈದ್ಯರು ಬರೆದರು, ಬೇಡವೆಂದು ಕಂಪನಿ ಹೇಳಿತು: ಉದ್ಯೋಗಪೂರ್ವ ತಪಾಸಣೆಯ ಒಂದು ಪ್ರಕರಣ ಅಧ್ಯಯನ

ಔಷಧ ತಯಾರಿಸುವ ಕಂಪನಿಯೊಂದು ತನ್ನ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯಕ್ಕೆ ಆಯ್ಕೆ ಮಾಡಿಕೊಂಡಿದ್ದ ಅಭ್ಯರ್ಥಿಯೊಬ್ಬರನ್ನು ವೈದ್ಯಕೀಯ ತಪಾಸಣೆಯ ಬಳಿಕ ಕೈಬಿಟ್ಟಿತು. ತಪಾಸಣೆ ಮಾಡಿದ ವೈದ್ಯರು ಆಕೆಯನ್ನು ಕೆಲಸಕ್ಕೆ ಅರ್ಹರೆಂದೇ ಬರೆದಿದ್ದರು. ಇವೆರಡೂ ಒಂದೇ ವಾರದಲ್ಲಿ ಹೇಗೆ ನಡೆದವು, ಅದನ್ನು ಸರಿಪಡಿಸಲು ಯಾವ ದಾರಿ ಹಿಡಿದೆವು, ಎಲ್ಲಿ ದಾರಿ ಮುಗಿಯಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಕಂಪನಿ, ಆಸ್ಪತ್ರೆಗಳ ಹೆಸರಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆಯನ್ನು ‘ಅಭ್ಯರ್ಥಿ’ ಎಂದೇ ಕರೆಯುತ್ತೇನೆ. ವಕೀಲಳಾಗಿ ನಾನು ಆಕೆಯ ಪರವಾಗಿದ್ದವಳು. ಹಾಗಾಗಿ ಈ ಬರಹದಿಂದ ತಟಸ್ಥ ನಿಲುವನ್ನು ನಿರೀಕ್ಷಿಸಬೇಡಿ.

ಹಿನ್ನೆಲೆ

ಅಭ್ಯರ್ಥಿಗೆ ಮೂವತ್ತು ದಾಟಿತ್ತು. ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಇದೇ ಬಗೆಯ ಪ್ರಯೋಗಾಲಯದಲ್ಲಿ ಐದು ವರ್ಷಗಳ ಅನುಭವ. ಅದಕ್ಕೂ ಮೊದಲು, ಅಂದರೆ ಈ ಪ್ರಕರಣಕ್ಕೆ ಸುಮಾರು ಏಳು ವರ್ಷಗಳ ಹಿಂದೆ, ತೀವ್ರ ಖಿನ್ನತೆಯಿಂದಾಗಿ ಎರಡು ವಾರ ಆಸ್ಪತ್ರೆಯ ಮನೋವೈದ್ಯಕೀಯ ವಾರ್ಡಿನಲ್ಲಿ ಒಳರೋಗಿಯಾಗಿದ್ದರು. ಆಮೇಲೆ ಒಂದೂವರೆ ವರ್ಷ ಮಾತ್ರೆ ತೆಗೆದುಕೊಂಡರು, ವೈದ್ಯರ ಸಲಹೆಯಂತೆ ಹಂತಹಂತವಾಗಿ ನಿಲ್ಲಿಸಿದರು. ಅಲ್ಲಿಂದೀಚೆಗೆ ಚಿಕಿತ್ಸೆಯ ಅಗತ್ಯ ಬಂದಿಲ್ಲ. ಐದು ವರ್ಷ ದುಡಿದ ಕಡೆ ಯಾರಿಗೂ ಈ ಸಂಗತಿ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಪ್ರಸಂಗವೂ ಬರಲಿಲ್ಲ.

ಹೊಸ ಕಂಪನಿಯ ನೇಮಕಾತಿ ಪತ್ರದಲ್ಲಿ ‘ವೈದ್ಯಕೀಯ ಅರ್ಹತೆಗೆ ಒಳಪಟ್ಟು’ ಎಂಬ ಷರತ್ತಿತ್ತು. ಎಲ್ಲರ ಪತ್ರದಲ್ಲೂ ಇರುವ ಷರತ್ತು ಅದು, ಯಾರೂ ಎರಡನೇ ಸಲ ಓದುವುದಿಲ್ಲ. ಪತ್ರ ಕೈಗೆ ಬಂದ ಮರುದಿನವೇ ಆಕೆ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ನೋಟಿಸ್ ಅವಧಿ ಮುಗಿಯುವ ಹೊತ್ತಿಗೆ ತಪಾಸಣೆಯ ದಿನ ಗೊತ್ತಾಯಿತು. ಹಿಂದಕ್ಕೆ ಹೋಗುವ ಬಾಗಿಲು ಮುಚ್ಚಿದ ಮೇಲೆ ತಪಾಸಣೆ ನಡೆಯಿತು ಎಂಬುದನ್ನು ಗಮನದಲ್ಲಿಡಿ. ಮುಂದಿನ ಎಲ್ಲ ಒತ್ತಡಕ್ಕೂ ಮೂಲ ಅದೇ.

ತಪಾಸಣೆ ನಡೆಸುವುದೇ ತಪ್ಪು ಎಂದು ನಾವು ಒಮ್ಮೆಯೂ ವಾದಿಸಲಿಲ್ಲ. ಭೋಪಾಲ್ ಅನಿಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಕುರಿತ ಅಧ್ಯಾಯವನ್ನು ಸೇರಿಸಲಾಯಿತು. ಅದರ 41ಸಿ ಸೆಕ್ಷನ್ ಪ್ರಕಾರ ಅಪಾಯಕಾರಿ ವಸ್ತುಗಳ ನಡುವೆ ಕೆಲಸ ಮಾಡುವವರನ್ನು ಕೆಲಸಕ್ಕೆ ಹಾಕುವ ಮೊದಲು, ಆಮೇಲೆ ಹನ್ನೆರಡು ತಿಂಗಳು ಮೀರದ ಅಂತರದಲ್ಲಿ, ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕಿತ್ತು. ಔಷಧ ಉದ್ಯಮ ಆ ಕಾಯ್ದೆಯ ಅಪಾಯಕಾರಿ ಉದ್ಯಮಗಳ ಪಟ್ಟಿಯಲ್ಲಿತ್ತು. ಈ ಪ್ರಕರಣ ನಡೆದಾಗ ಆ ಕಾಯ್ದೆಯೇ ಜಾರಿಯಲ್ಲಿತ್ತು. ಅಸಿಟೋನೈಟ್ರೈಲ್, ಮೆಥನಾಲ್‌ನಂಥ ದ್ರಾವಕಗಳ ಆವಿಯಲ್ಲಿ ದಿನಗಟ್ಟಲೆ ನಿಲ್ಲುವವರ ಯಕೃತ್ತು, ಶ್ವಾಸಕೋಶ, ಚರ್ಮ, ರಕ್ತ ಹೇಗಿವೆ ಎಂದು ನೋಡುವುದು ಕೆಲಸಗಾರರ ಹಿತಕ್ಕಾಗಿಯೇ. ಹಾಗೆ ಕೆಲಸಗಾರರನ್ನು ಕಾಪಾಡಲೆಂದು ತಂದ ತಪಾಸಣೆ ಕೆಲಸಗಾರರನ್ನು ಸೋಸುವ ಜರಡಿಯಾಗುವುದು ಎಲ್ಲಿ ಎಂಬುದಷ್ಟೇ ನಮ್ಮ ಪ್ರಶ್ನೆಯಾಗಿತ್ತು.

ಸೋರಿಕೆ ಆದದ್ದು ಹೇಗೆ

ತಪಾಸಣೆಗೆ ಕಂಪನಿ ಒಪ್ಪಂದ ಮಾಡಿಕೊಂಡಿದ್ದ ಆಸ್ಪತ್ರೆ, ಏಳು ವರ್ಷಗಳ ಹಿಂದೆ ಆಕೆ ದಾಖಲಾಗಿದ್ದ ಅದೇ ಆಸ್ಪತ್ರೆ ಸಮೂಹದ ಇನ್ನೊಂದು ಶಾಖೆ. ಕಟ್ಟಡ ಬೇರೆ, ಪ್ರದೇಶ ಬೇರೆ. ಕಂಪ್ಯೂಟರ್ ಒಂದೇ. ನೋಂದಣಿ ಕೌಂಟರ್‌ನಲ್ಲಿ ಮೊಬೈಲ್ ಸಂಖ್ಯೆ ಹೇಳಿದ ಕೂಡಲೇ ಪರದೆಯ ಮೇಲೆ ಹಳೆಯ ರೋಗಿ ಸಂಖ್ಯೆ ಮೂಡಿತು. ‘ನಿಮ್ಮದು ಹಳೆಯ ನಂಬರ್ ಇದೆಯಲ್ಲ ಮೇಡಂ, ಅದರಲ್ಲೇ ಮಾಡಿಬಿಡುತ್ತೇನೆ’ ಎಂದು ಕೌಂಟರಿನ ಹುಡುಗ ಸಹಾಯ ಮಾಡುವ ಧಾಟಿಯಲ್ಲಿ ಹೇಳಿದ. ಆಕೆಗೆ ಅದರ ಅರ್ಥ ಆ ಕ್ಷಣಕ್ಕೆ ಹೊಳೆಯಲಿಲ್ಲ. ಯಾರಿಗೆ ತಾನೆ ಹೊಳೆಯುತ್ತದೆ?

ಆಮೇಲೆ ನಾಲ್ಕು ಪುಟಗಳ ನಮೂನೆ. ಅದರಲ್ಲೊಂದು ಪ್ರಶ್ನೆ: ‘ನೀವು ಎಂದಾದರೂ ಮೂರ್ಛೆರೋಗ, ಕ್ಷಯ, ಕ್ಯಾನ್ಸರ್, ಹೃದ್ರೋಗ ಅಥವಾ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದೀರಾ?’ ಎದುರಿಗೆ ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳು. ವಿವರಣೆಗೆ ಜಾಗವಿಲ್ಲ, ಕಾಲಮಿತಿಯಿಲ್ಲ. ಆಕೆ ‘ಇಲ್ಲ’ ಚೌಕಕ್ಕೆ ಗುರುತು ಹಾಕಿದರು. ಕೊನೆಯ ಪುಟದ ಒಪ್ಪಿಗೆ ಪತ್ರಕ್ಕೂ ಸಹಿ ಮಾಡಿದರು. ‘ಈ ದಿನ ನಡೆಸಿದ ಪರೀಕ್ಷೆಗಳ ಫಲಿತಾಂಶವನ್ನು ನನ್ನ ಉದ್ಯೋಗದಾತರಿಗೆ ಕಳುಹಿಸಲು ಒಪ್ಪಿದ್ದೇನೆ’ ಎಂದು ಅಲ್ಲಿತ್ತು. ಈ ವಾಕ್ಯ ಮುಂದೆ ನಮ್ಮ ಕೈಹಿಡಿಯಿತು.

ತಪಾಸಣೆ ಮಾಡಿದ ಕಿರಿಯ ವೈದ್ಯರು ಹಳೆಯ ಕಡತವನ್ನು ತೆರೆದರು, ಡಿಸ್ಚಾರ್ಜ್ ಸಮ್ಮರಿಯನ್ನು ಓದಿದರು, ವರದಿಯ ‘ಹಿಂದಿನ ಕಾಯಿಲೆಗಳು’ ಎಂಬ ಅಂಕಣದಲ್ಲಿ ಒಂದು ಸಾಲು ಬರೆದರು. ಕಾಯಿಲೆಯ ಹೆಸರು, ವರ್ಷ, ಒಳರೋಗಿಯಾಗಿದ್ದ ದಿನಗಳು. ವೈದ್ಯಕೀಯ ಕಾಲೇಜಿನಲ್ಲಿ ಕಲಿಸುವುದೇ ಹೀಗೆ: ಹಿಂದಿನದನ್ನು ಕೇಳು, ಬರೆದಿಡು. ರೋಗಿಗೆ ಚಿಕಿತ್ಸೆ ಕೊಡುವಾಗ ಅದು ಒಳ್ಳೆಯ ಅಭ್ಯಾಸ. ಆದರೆ ಇಲ್ಲಿ ಆಕೆ ರೋಗಿಯಾಗಿ ಬಂದವರಲ್ಲ, ಬರೆದದ್ದನ್ನು ಓದುವವರು ವೈದ್ಯರೂ ಅಲ್ಲ. ಈ ವ್ಯತ್ಯಾಸವನ್ನು ಆ ವೈದ್ಯರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವರದಿ ಪಿಡಿಎಫ್ ಆಗಿ ಕಂಪನಿಯ ಎಚ್‌ಆರ್ ವಿಭಾಗದ ಸಾಮೂಹಿಕ ಇಮೇಲ್‌ಗೆ ಹೋಯಿತು. ಅದರ ಒಂದು ಪ್ರತಿ ನೇಮಕಾತಿ ಏಜೆನ್ಸಿಗೂ ಹೋಯಿತು. ಅಭ್ಯರ್ಥಿಗೆ ಹೋಗಲಿಲ್ಲ.

ಯಾರೂ ಕೇಡು ಬಯಸಿರಲಿಲ್ಲ. ಕೌಂಟರಿನವನು ಸಮಯ ಉಳಿಸಿದ, ವೈದ್ಯರು ಕ್ರಮಬದ್ಧವಾಗಿ ಬರೆದರು, ಗುಮಾಸ್ತರು ಇದ್ದ ವಿಳಾಸಗಳಿಗೆಲ್ಲ ಕಳುಹಿಸಿದರು. ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಹೆಚ್ಚಿನವು ಹೀಗೆಯೇ. ಕದ್ದವರು ಯಾರೂ ಇರುವುದಿಲ್ಲ, ಕಾಯಬೇಕಾದವರೂ ಇರುವುದಿಲ್ಲ.

ಮೊದಲ ಕರೆ, ಮೊದಲ ನಿರ್ಧಾರ

ಎಚ್‌ಆರ್‌ನಿಂದ ಫೋನ್ ಬಂತು. ‘ನಿಮ್ಮ ಮೆಡಿಕಲ್ ವರದಿಯಲ್ಲಿ ಒಂದು ವಿಷಯವಿದೆ ಮೇಡಂ. ನೀವು ನಮೂನೆಯಲ್ಲಿ ಹೇಳಿರಲಿಲ್ಲ. ಮೇಲಿನವರು ಅನ್‌ಫಿಟ್ ಎಂದು ತೀರ್ಮಾನಿಸಿದ್ದಾರೆ.’ ಯಾವ ವಿಷಯ ಎಂದು ಕೇಳಿದರೆ, ‘ನಿಮಗೇ ಗೊತ್ತಲ್ಲ’ ಎಂಬ ಉತ್ತರ.

ಆ ರಾತ್ರಿ ಆಕೆ ಕಂಪನಿಗೆ ಕಳುಹಿಸಲೆಂದು ಉದ್ದನೆಯ ಇಮೇಲ್ ಬರೆದರು. ಏಳು ವರ್ಷಗಳ ಹಿಂದೆ ಮನೆಯಲ್ಲಿ ಏನಾಗಿತ್ತು, ಹೇಗೆ ಕುಸಿದರು, ಹೇಗೆ ಎದ್ದು ನಿಂತರು, ಯಾವ ಮಾತ್ರೆ, ಎಷ್ಟು ಪ್ರಮಾಣ. ಜೊತೆಗೆ ಡಿಸ್ಚಾರ್ಜ್ ಸಮ್ಮರಿಯ ಪ್ರತಿ. ಅದೃಷ್ಟಕ್ಕೆ, ಕಳುಹಿಸುವ ಮೊದಲು ಅದನ್ನು ನನಗೆ ತೋರಿಸಿದರು. ಆ ಪತ್ರ ಪ್ರಾಮಾಣಿಕವಾಗಿತ್ತು, ಓದಿದವರ ಮನ ಕರಗುವಂತಿತ್ತು. ಕಳುಹಿಸಿದ್ದರೆ ಕೆಲಸ ಕೆಡುತ್ತಿತ್ತು. ಒಂದು ಸಾಲಿನಷ್ಟು ಸೋರಿದ್ದನ್ನು ಆಕೆಯೇ ನಾಲ್ಕು ಪುಟಗಳಷ್ಟು ತೆರೆದಿಟ್ಟಂತಾಗುತ್ತಿತ್ತು. ಎಚ್‌ಆರ್‌ಗೆ ಆ ಮಾಹಿತಿಯ ಮೇಲೆ ಹಕ್ಕಿದೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಚರ್ಚೆಯ ವಿಷಯ ‘ಈ ಕೆಲಸ ಮಾಡಬಲ್ಲಿರಾ’ ಎಂಬಲ್ಲಿಂದ ‘ನಿಜವಾಗಿ ಗುಣವಾಗಿದ್ದೀರಾ’ ಎಂಬಲ್ಲಿಗೆ ಜಾರುತ್ತಿತ್ತು. ಎರಡನೆಯದಕ್ಕೆ ಸಾಬೀತು ಎಂಬುದೇ ಇಲ್ಲ. ಎಷ್ಟು ಕೊಟ್ಟರೂ ‘ಮತ್ತೆ ಬಂದರೆ?’ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಇಮೇಲನ್ನು ಕಳುಹಿಸಲಿಲ್ಲ. ಬದಲಿಗೆ ಎರಡು ಸಾಲಿನ ಪತ್ರ ಹೋಯಿತು: ನೇಮಕಾತಿ ಹಿಂದಕ್ಕೆ ಪಡೆಯುವ ನಿರ್ಧಾರ ಮತ್ತು ಅದರ ಕಾರಣವನ್ನು ಲಿಖಿತವಾಗಿ ತಿಳಿಸಿ, ನಿರ್ಧಾರಕ್ಕೆ ಆಧಾರವಾದ ವೈದ್ಯಕೀಯ ವರದಿಯ ಪ್ರತಿ ಕೊಡಿ.

ಯಾರ ಬಾಗಿಲು ಮೊದಲು ತಟ್ಟಬೇಕು

ಇಲ್ಲಿ ನಾನೂ ನನ್ನ ಸಹೋದ್ಯೋಗಿಯೂ ಒಂದು ಸಂಜೆಯೆಲ್ಲ ಜಗ್ಗಾಡಿದೆವು. ಕಂಪನಿಗೇ ನೇರವಾಗಿ ತಾರತಮ್ಯದ ನೋಟಿಸ್ ಕೊಡೋಣ ಎಂಬುದು ಅವರ ವಾದ. ನನಗೆ ಅದರಲ್ಲಿ ಧೈರ್ಯ ಸಾಲಲಿಲ್ಲ, ಕಾರಣ ಕಾನೂನಿನ ಒಂದು ವಿಚಿತ್ರ ಬಿರುಕು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಾನಸಿಕ ಅಸ್ವಸ್ಥತೆಯನ್ನೂ ಒಳಗೊಳ್ಳುತ್ತದೆ. ಆದರೆ ಅದರ ವ್ಯಾಖ್ಯೆ ದೀರ್ಘಕಾಲದ ದೌರ್ಬಲ್ಯ ಇರುವವರನ್ನು ಕುರಿತದ್ದು. ಹಿಂದೆ ಇದ್ದು ಈಗ ಗುಣವಾದವರ ಪ್ರಸ್ತಾಪ ಆ ವ್ಯಾಖ್ಯೆಯಲ್ಲಿ ಇಲ್ಲ. ಅಮೆರಿಕದ 1990ರ ಕಾಯ್ದೆ ಅಂಥ ದೌರ್ಬಲ್ಯದ ‘ದಾಖಲೆ ಇರುವವರನ್ನೂ’ ರಕ್ಷಣೆಯೊಳಗೆ ಸೇರಿಸುತ್ತದೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ಹಿಂದಿನ ಅಂಗವೈಕಲ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೆಲಸ ಕೊಡುವ ಪ್ರಸ್ತಾಪ ಇಡುವ ಮೊದಲು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆರೋಗ್ಯದ ಬಗ್ಗೆ ಕೇಳುವುದನ್ನೇ ನಿರ್ಬಂಧಿಸುತ್ತದೆ. ನಮ್ಮಲ್ಲಿ ಗುಣಮುಖರಾದವರು ನಡುವೆ ಸಿಕ್ಕಿಕೊಳ್ಳುತ್ತಾರೆ. ರಕ್ಷಣೆ ಬೇಕೆಂದರೆ ‘ನಾನು ಅಂಗವಿಕಲೆ’ ಎನ್ನಬೇಕು, ಕೆಲಸ ಬೇಕೆಂದರೆ ‘ನನಗೇನೂ ಇಲ್ಲ’ ಎನ್ನಬೇಕು. ಒಂದೇ ಅರ್ಜಿಯಲ್ಲಿ ಎರಡನ್ನೂ ಹೇಳುವುದು ಹೇಗೆ? ಜೊತೆಗೆ, ಉದ್ಯೋಗದಲ್ಲಿ ತಾರತಮ್ಯ ಮಾಡಬಾರದೆಂದು ಸ್ಪಷ್ಟವಾಗಿ ಹೇಳುವ, ನಮ್ಮ 2016ರ ಕಾಯ್ದೆಯ 20ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳಿಗೆ ಸಂಬಂಧಿಸಿದ್ದು. ನಮ್ಮ ಎದುರಿಗಿದ್ದದ್ದು ಖಾಸಗಿ ಕಂಪನಿ.

ಆಸ್ಪತ್ರೆಯ ವಿಷಯದಲ್ಲಿ ಇಷ್ಟು ಗೊಂದಲವಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆ ನೀಡಿದವರ ಮೇಲೆ ಗೋಪ್ಯತೆಯ ಹೊಣೆ ಹೊರಿಸುತ್ತದೆ. ಅದಕ್ಕಿರುವ ವಿನಾಯಿತಿಗಳು ಬೆರಳೆಣಿಕೆಯಷ್ಟು: ನಾಮನಿರ್ದೇಶಿತ ಪ್ರತಿನಿಧಿ, ಚಿಕಿತ್ಸೆಯಲ್ಲಿ ತೊಡಗಿದ ಇತರ ವೈದ್ಯರು, ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶ, ಇಂಥವು. ಉದ್ಯೋಗದಾತ ಆ ಪಟ್ಟಿಯಲ್ಲಿಲ್ಲ. ಕಂಪ್ಯೂಟರಿನಲ್ಲಿ ಇಟ್ಟ ಮಾಹಿತಿಗೂ ಇದು ಅನ್ವಯಿಸುತ್ತದೆ ಎಂದು 24ನೇ ಸೆಕ್ಷನ್ ಹೇಳುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡಾವಳಿ ನಿಯಮಗಳೂ ರೋಗಿಯ ಗುಟ್ಟನ್ನು ಬಿಟ್ಟುಕೊಡಬಾರದೆಂದು ವೈದ್ಯರಿಗೆ ಹೇಳುತ್ತವೆ. ಆರೋಗ್ಯ ಸ್ಥಿತಿ ಮತ್ತು ವೈದ್ಯಕೀಯ ದಾಖಲೆಗಳನ್ನು ಸೂಕ್ಷ್ಮ ವೈಯಕ್ತಿಕ ಮಾಹಿತಿ ಎಂದು ಗುರುತಿಸಿದ, ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳು, ಯಾವ ಉದ್ದೇಶಕ್ಕೆ ಸಂಗ್ರಹಿಸಿದ್ದೋ ಅದಕ್ಕಷ್ಟೇ ಬಳಸಬೇಕು ಎಂದಿವೆ.

ಹಾಗಾಗಿ ಎರಡು ಜಗಳಗಳನ್ನು ಬೇರ್ಪಡಿಸಿದೆವು. ಮೊದಲು ಕಾಗದ, ಆಮೇಲೆ ಕೆಲಸ. ವರದಿಯೇ ಸರಿಯಿಲ್ಲವೆಂದು ಅದನ್ನು ಬರೆದವರು ಒಪ್ಪಿದರೆ ಕಂಪನಿಯ ನಿರ್ಧಾರಕ್ಕೆ ನಿಲ್ಲಲು ನೆಲವಿರುವುದಿಲ್ಲ ಎಂಬುದು ಲೆಕ್ಕಾಚಾರ. ಇದರಲ್ಲಿ ಅಪಾಯವಿತ್ತು: ಕಂಪನಿ ಅಷ್ಟರೊಳಗೆ ಬೇರೆಯವರನ್ನು ತೆಗೆದುಕೊಂಡುಬಿಡಬಹುದಿತ್ತು. ಅಭ್ಯರ್ಥಿಗೆ ಅದನ್ನು ಬಿಡಿಸಿ ಹೇಳಿದೆ. ‘ಆ ಸಾಲು ಇನ್ನೂ ಎಷ್ಟು ಕಡೆ ಹೋಗುತ್ತದೋ, ಮೊದಲು ಅದನ್ನು ನಿಲ್ಲಿಸಿ’ ಎಂದರು. ನಿರ್ಧಾರ ಆಕೆಯದೇ.

ವರದಿ ಕೈಗೆ ಬಂದಾಗ

2002ರ ನಿಯಮಗಳ ಪ್ರಕಾರ ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಈ ನಿಯಮವನ್ನು ಉಲ್ಲೇಖಿಸಿ ಆಸ್ಪತ್ರೆಗೆ ಅರ್ಜಿ ಕೊಟ್ಟೆವು. ಉದ್ಯೋಗಪೂರ್ವ ವರದಿ, ಸಹಿ ಮಾಡಿದ ಒಪ್ಪಿಗೆ ಪತ್ರ, ಹಳೆಯ ಕಡತವನ್ನು ಯಾರು ಯಾವಾಗ ತೆರೆದರು ಎಂಬ ಕಂಪ್ಯೂಟರ್ ದಾಖಲೆ, ಹೀಗೆ ಮೂರನ್ನು ಕೇಳಿದ್ದೆವು. ಮೊದಲ ಎರಡು ಗಡುವಿನೊಳಗೆ ಬಂದವು.

ವರದಿಯ ಎರಡನೇ ಪುಟದಲ್ಲಿ, ವೈದ್ಯರ ಸಹಿಯ ಮೇಲೆ, ಹೀಗಿತ್ತು: ‘ಉದ್ದೇಶಿತ ಕೆಲಸಕ್ಕೆ ಅರ್ಹರು. ರಾತ್ರಿ ಪಾಳಿಗೆ ಹಾಕುವ ಮುನ್ನ ಮನೋವೈದ್ಯರ ಅಭಿಪ್ರಾಯ ಪಡೆಯಬಹುದು.’

ಅರ್ಹರು! ಇಡೀ ಪ್ರಕರಣ ಮಗ್ಗುಲು ಬದಲಿಸಿದ್ದು ಇಲ್ಲಿ. ‘ಅನ್‌ಫಿಟ್’ ಎಂದವರು ವೈದ್ಯರಲ್ಲ, ಎಚ್‌ಆರ್‌ನವರು. ಮೊದಲ ಪುಟದ ‘ಹಿಂದಿನ ಕಾಯಿಲೆಗಳು’ ಅಂಕಣ ಓದಿ ಎರಡನೇ ಪುಟಕ್ಕೆ ಹೋಗುವ ಮೊದಲೇ ತೀರ್ಪು ಆಗಿಹೋಗಿತ್ತು. ಫೋನಿನ ಮಾತನ್ನು ನಂಬಿ ಆಕೆ ‘ನಾನು ಅರ್ಹಳೇ’ ಎಂದು ವಾದಿಸಲು ಹೊರಟಿದ್ದರೆ, ಯಾರೂ ಅಲ್ಲಗಳೆಯದ ಸಂಗತಿಯನ್ನು ಸಾಬೀತುಪಡಿಸಲು ಹೆಣಗುತ್ತಿದ್ದರು. ಬೇರೆ ಯಾವ ಪಾಠ ಮರೆತರೂ ಇದನ್ನು ಮರೆಯಬೇಡಿ ಎಂದು ನನ್ನ ಕಿರಿಯರಿಗೆ ಹೇಳುತ್ತಿರುತ್ತೇನೆ: ವರದಿಯನ್ನು ಕಣ್ಣಾರೆ ನೋಡುವ ಮೊದಲು ಒಂದು ಸಾಲನ್ನೂ ಬರೆಯಬೇಡಿ.

ಕೆಲಸದ ವೈದ್ಯಕೀಯದಲ್ಲಿ ಇದು ಹಳೆಯ ಪಾಠ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1985ರ 171ನೇ ಶಿಫಾರಸು, ಉದ್ಯೋಗದಾತರಿಗೆ ಹೋಗುವ ಪತ್ರದಲ್ಲಿ ವೈದ್ಯಕೀಯ ಸ್ವರೂಪದ ಮಾಹಿತಿ ಇರಬಾರದು ಎನ್ನುತ್ತದೆ. ಇಂಥ ಕೆಲಸಕ್ಕೆ ಅರ್ಹರು, ಇಂಥ ಕೆಲಸ ಇವರಿಗೆ ಸಲ್ಲದು ಎಂಬಷ್ಟೇ ಸಾಕು. ರೋಗದ ಹೆಸರು ವೈದ್ಯರ ಬಳಿಯೇ ಉಳಿಯಬೇಕು.

ಹಳೆಯ ಕಡತದ ಮಾಹಿತಿ ಸೋರಿದ್ದರ ಬಗ್ಗೆ ಆಸ್ಪತ್ರೆ ಕೊಟ್ಟ ಮೊದಲ ಉತ್ತರ ಎರಡೇ ಸಾಲು: ಅಭ್ಯರ್ಥಿಯೇ ಒಪ್ಪಿಗೆ ಕೊಟ್ಟಿದ್ದಾರೆ, ಆದ್ದರಿಂದ ಲೋಪವಿಲ್ಲ. ನಮ್ಮ ಎರಡನೇ ಪತ್ರದಲ್ಲಿ ಒಪ್ಪಿಗೆ ಪತ್ರದ ಆ ವಾಕ್ಯವನ್ನೇ ಎತ್ತಿ ಬರೆದೆವು. ‘ಈ ದಿನ ನಡೆಸಿದ ಪರೀಕ್ಷೆಗಳ ಫಲಿತಾಂಶ’ ಎಂದರೆ ಆ ದಿನದ ರಕ್ತ, ಮೂತ್ರ, ಎಕ್ಸ್‌ರೇ, ಶ್ವಾಸಕೋಶದ ಪರೀಕ್ಷೆ. ಏಳು ವರ್ಷ ಹಳೆಯ ಮನೋವೈದ್ಯಕೀಯ ವಾರ್ಡಿನ ಕಡತ ಯಾವ ಪರೀಕ್ಷೆಯ ಫಲಿತಾಂಶ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲಿ ಉಲ್ಲಂಘನೆಗೆ ದಂಡ ಮತ್ತು ಸೆರೆವಾಸ ಎರಡೂ ಇರುವುದನ್ನು ಕೊನೆಯಲ್ಲಿ, ಒಂದೇ ಸಾಲಿನಲ್ಲಿ, ದನಿ ಏರಿಸದೆ ನೆನಪಿಸಿದೆವು. ವೈದ್ಯಕೀಯ ಅಧೀಕ್ಷಕರು ಭೇಟಿಗೆ ಕರೆದರು.

ಭೇಟಿಯಲ್ಲಿ ಅವರು ತಪ್ಪೊಪ್ಪಿಕೊಳ್ಳಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಬೇಕಾದದ್ದು ಕ್ಷಮೆಯಲ್ಲ, ಹೊಸ ಕಾಗದ. ಹಳೆಯ ವರದಿಯನ್ನು ರದ್ದುಪಡಿಸಿ, ‘ಉದ್ದೇಶಿತ ಕೆಲಸಕ್ಕೆ ಅರ್ಹರು’ ಎಂಬ ಒಂದೇ ತೀರ್ಮಾನವಿರುವ ಒಂದು ಪುಟದ ವರದಿ ಕೊಡಲು, ಹಿಂದಿನ ಪ್ರತಿಯನ್ನು ಅಳಿಸುವಂತೆ ಕಂಪನಿಗೂ ಏಜೆನ್ಸಿಗೂ ಬರೆಯಲು ಒಪ್ಪಿದರು.

ಗುಟ್ಟು ಬಿಟ್ಟುಕೊಡುವ ಪ್ರಮಾಣಪತ್ರ

ರಾತ್ರಿ ಪಾಳಿಯ ಪ್ರಶ್ನೆ ಉಳಿದಿತ್ತು. ಹಳೆಯ ವರದಿಯಲ್ಲಿ ಅದನ್ನು ಓದಿದ್ದ ಕಂಪನಿ ಅದನ್ನೇ ಹಿಡಿದುಕೊಳ್ಳುವುದು ಖಚಿತವಾಗಿತ್ತು. ನಿದ್ದೆಗೆಡುವುದು ಕೆಲವು ಮಾನಸಿಕ ತೊಂದರೆಗಳು ಮರುಕಳಿಸಲು ಕಾರಣವಾಗಬಹುದು ಎಂಬುದು ಹುಸಿ ಮಾತೇನಲ್ಲ. ಆದ್ದರಿಂದ ಆಕೆಗೆ ಹಿಂದೆ ಚಿಕಿತ್ಸೆ ನೀಡಿದ್ದ ಮನೋವೈದ್ಯರನ್ನೇ ಕಂಡು ಪ್ರಮಾಣಪತ್ರ ಕೇಳಿದೆವು.

ಅವರು ಪ್ರೀತಿಯಿಂದ ಬರೆದುಕೊಟ್ಟ ಮೊದಲ ಪತ್ರ ಹೀಗಿತ್ತು: ‘ಇವರು ಇಂಥ ವರ್ಷದಲ್ಲಿ ತೀವ್ರ ಖಿನ್ನತೆಗೆ ನನ್ನಲ್ಲಿ ಚಿಕಿತ್ಸೆ ಪಡೆದಿದ್ದು, ಸದ್ಯ ರೋಗಲಕ್ಷಣಗಳಿಂದ ಮುಕ್ತರಾಗಿದ್ದಾರೆ, ಕೆಲಸ ಮಾಡಲು ಅರ್ಹರು.’ ಅರ್ಹತೆ ಹೇಳುವ ಭರದಲ್ಲಿ ಮತ್ತದೇ ಸಾಲು! ಆಸ್ಪತ್ರೆಯಿಂದ ಅಳಿಸಲು ಹೋರಾಡಿದ್ದನ್ನು ನಮ್ಮ ಕೈಯಾರೆ ಕಂಪನಿಗೆ ಒಪ್ಪಿಸುವಂತಿತ್ತು. ವಿನಂತಿಸಿ ಮರಳಿ ಬರೆಸಿದೆವು. ಹುದ್ದೆಯ ಕೆಲಸಗಳ ಪಟ್ಟಿಯನ್ನು ಅವರ ಮುಂದಿಟ್ಟೆವು: ದ್ರಾವಕಗಳನ್ನು ನಿಭಾಯಿಸುವುದು, ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ) ಯಂತ್ರದ ಮುಂದೆ ದೀರ್ಘಕಾಲ ಏಕಾಗ್ರತೆಯಿಂದ ಕೆಲಸ ಮಾಡುವುದು, ಫಲಿತಾಂಶಗಳನ್ನು ದಾಖಲಿಸಿ ಸಹಿ ಮಾಡುವುದು, ಸರದಿಯ ಪಾಳಿ. ಎರಡನೇ ಪತ್ರದಲ್ಲಿ ಕಾಯಿಲೆಯ ಹೆಸರಿಲ್ಲ, ಚಿಕಿತ್ಸೆಯ ಮಾತಿಲ್ಲ, ಮನೋವೈದ್ಯ ವಿಭಾಗದ ಮುದ್ರೆಯೂ ಇಲ್ಲ. ‘ಈ ಹುದ್ದೆಯ ಕೆಲಸಗಳ ವಿವರವನ್ನು ಪರಿಶೀಲಿಸಿ, ಇವರನ್ನು ಇಂದು ಪರೀಕ್ಷಿಸಿದ್ದೇನೆ. ಸರದಿ ಪಾಳಿಯೂ ಸೇರಿದಂತೆ ಮೇಲ್ಕಂಡ ಎಲ್ಲ ಕೆಲಸಗಳಿಗೆ ಅರ್ಹರು’ ಎಂದಷ್ಟೇ ಇತ್ತು. ವೈದ್ಯರು ನಗುತ್ತಾ, ‘ಇಷ್ಟು ಕಡಿಮೆ ಬರೆದು ನನಗೆ ಅಭ್ಯಾಸವಿಲ್ಲ’ ಎಂದರು.

ಕಂಪನಿಯ ಹೊಸ ವಾದ

ವರದಿ ಬದಲಾದ ಮೇಲೆ ಕಂಪನಿ ‘ಅನ್‌ಫಿಟ್’ ಎಂಬ ಮಾತನ್ನು ಕೈಬಿಟ್ಟಿತು. ಅದರ ಜಾಗದಲ್ಲಿ ಬೇರೆ ಮಾತು ಬಂತು: ಕಾಯಿಲೆಯ ಬಗ್ಗೆ ನಮ್ಮ ತಕರಾರಿಲ್ಲ, ಸುಳ್ಳು ಹೇಳಿದ್ದರ ಬಗ್ಗೆ ಇದೆ, ‘ಇಲ್ಲ’ ಎಂದು ಗುರುತು ಹಾಕಿ ಸತ್ಯ ಮುಚ್ಚಿಟ್ಟವರನ್ನು ಗುಣಮಟ್ಟ ವಿಭಾಗದಲ್ಲಿ ಹೇಗೆ ನಂಬುವುದು?

ಇದು ಬಲವಾದ ಏಟು. ಪರೀಕ್ಷೆಯ ಫಲಿತಾಂಶವನ್ನು ಪ್ರಾಮಾಣಿಕವಾಗಿ ದಾಖಲಿಸುವುದೇ ಆ ಹುದ್ದೆಯ ಜೀವಾಳ. ಅಭ್ಯರ್ಥಿ ಅತ್ತದ್ದು ಈ ಪತ್ರ ಓದಿದಾಗ ಮಾತ್ರ.

ಉತ್ತರಕ್ಕೆ ನಾವು ಆಶ್ರಯಿಸಿದ್ದು ಸುಪ್ರೀಂ ಕೋರ್ಟಿನ 1991ರ ಅಕ್ಟೋಬರ್ 31ರ ತೀರ್ಪು. ಭಾರತೀಯ ಜೀವ ವಿಮಾ ನಿಗಮ ಹೊಸದಾಗಿ ಸೇರಿದ್ದ ಮಹಿಳೆಯೊಬ್ಬರನ್ನು, ಘೋಷಣಾ ನಮೂನೆಯಲ್ಲಿ ಗರ್ಭಾವಸ್ಥೆಯ ವಿಷಯ ಮುಚ್ಚಿಟ್ಟರೆಂದು ಕೆಲಸದಿಂದ ತೆಗೆದಿತ್ತು. ಆ ನಮೂನೆಯಲ್ಲಿ ಮುಟ್ಟು ಕ್ರಮವಾಗಿದೆಯೇ, ಎಷ್ಟು ಬಾರಿ ಗರ್ಭ ಧರಿಸಿದ್ದೀರಿ ಎಂಬ ಪ್ರಶ್ನೆಗಳಿದ್ದವು. ನ್ಯಾಯಾಲಯ ತಪ್ಪನ್ನು ಆಕೆಯ ಉತ್ತರದಲ್ಲಿ ಹುಡುಕದೆ ನಿಗಮದ ಪ್ರಶ್ನೆಯಲ್ಲಿ ಕಂಡಿತು. ಮುಜುಗರದ, ಅವಮಾನದ ಇಂಥ ವಿವರಗಳನ್ನು ಕೇಳುವ ಅಂಕಣಗಳನ್ನು ತೆಗೆದುಹಾಕಲು ಸೂಚಿಸಿ, ಆಕೆಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವಂತೆ ಹೇಳಿತು. 1997ರಲ್ಲಿ ಬಾಂಬೆ ಹೈಕೋರ್ಟ್ ಎಚ್‌ಐವಿ ಪ್ರಕರಣವೊಂದರಲ್ಲಿ, ಕೆಲಸ ಮಾಡಬಲ್ಲ ವ್ಯಕ್ತಿಯನ್ನು ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಹೊರಗಿಡುವಂತಿಲ್ಲ ಎಂದಿತ್ತು. ಅರ್ಜಿದಾರರ ಹೆಸರನ್ನು ಗುಟ್ಟಾಗಿಟ್ಟು ವ್ಯಾಜ್ಯ ನಡೆಸಲೂ ಅವಕಾಶ ಕೊಟ್ಟಿತ್ತು. ಆ ಎರಡೂ ಪ್ರಕರಣಗಳಲ್ಲಿ ಎದುರಿಗಿದ್ದವು ಸಾರ್ವಜನಿಕ ವಲಯದ ಸಂಸ್ಥೆಗಳು. ಎಲ್ಲರನ್ನೂ ಸಮಾನವಾಗಿ ಕಾಣುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುವ ಸಂವಿಧಾನದ 14ನೇ ವಿಧಿಯನ್ನು ಖಾಸಗಿ ಕಂಪನಿಗೆ ನೇರವಾಗಿ ತೋರಿಸಲಾಗದು ಎಂಬ ಅರಿವು ನಮಗಿತ್ತು, ಕಂಪನಿಯ ವಕೀಲರಿಗೂ ಇತ್ತು. ಆದರೂ ತರ್ಕಕ್ಕೆ ಖಾಸಗಿ, ಸರ್ಕಾರಿ ಎಂಬ ಭೇದವಿಲ್ಲ. ‘ಹಿಂದಿನ ಚಿಕಿತ್ಸೆ ಅಥವಾ ಆಸ್ಪತ್ರೆವಾಸವೊಂದರಿಂದಲೇ ಈಗಿನ ಅಥವಾ ಮುಂದಿನ ಮಾನಸಿಕ ಅಸ್ವಸ್ಥತೆಯನ್ನು ತೀರ್ಮಾನಿಸಲಾಗದು’ ಎಂಬ ಅರ್ಥದ ಮಾತು 2017ರ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇದೆ. ತೀರ್ಮಾನಕ್ಕೆ ಆಧಾರವಾಗದ ಸಂಗತಿಯನ್ನು ಹೇಳಲಿಲ್ಲವೆಂದು ಶಿಕ್ಷಿಸುವುದು ಹೇಗೆ?

ಒಂದು ಮಾತು ಸ್ಪಷ್ಟವಾಗಿರಲಿ. ನಮೂನೆಯಲ್ಲಿ ‘ಇಲ್ಲ’ ಎಂದು ಬರೆಯಿರಿ ಎಂದು ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಕೇಳಬಾರದ ಪ್ರಶ್ನೆಗೂ ಕೊಟ್ಟ ಸುಳ್ಳು ಉತ್ತರ ಎದುರಾಳಿಯ ಕೈಗೆ ದೊಣ್ಣೆ ಕೊಡುತ್ತದೆ. ಈಗ ನಾನು ಹೇಳುವುದು ಇಷ್ಟು: ಎರಡೂ ಚೌಕಗಳನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ‘ಈ ಹುದ್ದೆಯ ಕೆಲಸಕ್ಕೆ ಅಡ್ಡಿಯಾಗುವ ಆರೋಗ್ಯ ಸಮಸ್ಯೆ ಈಗ ಯಾವುದೂ ಇಲ್ಲ’ ಎಂದು ಬರೆಯಿರಿ. ಅದು ನಿಜವಾದರೆ ಮಾತ್ರ.

ಸಭೆಯಲ್ಲಿ ನಡೆದದ್ದು

ಕಂಪನಿ ಕೊನೆಗೆ ಸಭೆ ಕರೆಯಿತು. ಎಚ್‌ಆರ್ ಮುಖ್ಯಸ್ಥರು ಕೆಟ್ಟವರಾಗಿರಲಿಲ್ಲ, ಹೆದರಿದ್ದರು. ಸುತ್ತಿ ಬಳಸಿ ಮಾತಾಡಿದ ಮೇಲೆ ಮನಸ್ಸಿನಲ್ಲಿದ್ದದ್ದು ಹೊರಬಂತು: ‘ಪ್ರಯೋಗಾಲಯದ ತುಂಬಾ ವಿಷದ ಬಾಟಲಿಗಳು. ನಾಳೆ ಏನಾದರೂ ಆದರೆ, ಗೊತ್ತಿದ್ದೂ ತೆಗೆದುಕೊಂಡಿರಿ ಎಂದು ನನ್ನನ್ನೇ ಕೇಳುತ್ತಾರೆ.’ ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಳೆಯ ವರದಿ ಅವರಿಗೆ ಮಾಹಿತಿಯನ್ನಷ್ಟೇ ಕೊಟ್ಟಿರಲಿಲ್ಲ, ತಾವು ಹೊರಲಾರದ ಹೊಣೆಯನ್ನೂ ಹೆಗಲಿಗೇರಿಸಿತ್ತು. ಗೋಪ್ಯತೆ ಉದ್ಯೋಗದಾತರನ್ನೂ ಕಾಪಾಡುತ್ತದೆ ಎಂಬುದು ಇಲ್ಲಿ ಎದ್ದು ಕಂಡಿತು.

ಉತ್ತರ ಕೊಟ್ಟವರು ನಾವಲ್ಲ. ಕಾರ್ಖಾನೆಯ ವೈದ್ಯಾಧಿಕಾರಿಯೂ ಸಭೆಯಲ್ಲಿದ್ದರು, ನಿವೃತ್ತಿಗೆ ಹತ್ತಿರದವರು. ಅವರು ಎಚ್‌ಆರ್ ಮುಖ್ಯಸ್ಥರನ್ನು ಕೇಳಿದರು: ‘ಸರ್, ಈಗ ಅಲ್ಲಿ ಕೆಲಸ ಮಾಡುತ್ತಿರುವವರಲ್ಲಿ ಯಾರು ಯಾರಿಗೆ ಹೀಗೆ ಚಿಕಿತ್ಸೆ ಆಗಿದೆ ಎಂದು ನಿಮಗೆ ಗೊತ್ತೇ? ನನಗೆ ಗೊತ್ತು, ನಿಮಗೆ ಹೇಳುವುದಿಲ್ಲ. ಬಾಟಲಿಗಳ ಸುರಕ್ಷತೆ ಬೀಗ ಮತ್ತು ಲೆಕ್ಕದ ಪುಸ್ತಕದಿಂದ ಆಗಬೇಕು, ಹಳೆಯ ಕಡತ ಓದುವುದರಿಂದಲ್ಲ.’ ಆಮೇಲೆ ಹೆಚ್ಚು ಚರ್ಚೆ ಆಗಲಿಲ್ಲ.

ನೇಮಕಾತಿ ಊರ್ಜಿತವಾಯಿತು. ಮೊದಲ ಆರು ತಿಂಗಳು ಹಗಲು ಪಾಳಿ ಮಾತ್ರ ಕೊಡುತ್ತೇವೆ ಎಂದರು. ಕೇಳಲು ಉಪಕಾರದಂತಿತ್ತು. ಅಭ್ಯರ್ಥಿ ಒಪ್ಪಲಿಲ್ಲ. ‘ಎಲ್ಲರಿಗೂ ಹಾಗೆಯೇ ಇದ್ದರೆ ನನಗೂ ಇರಲಿ. ನನಗೊಬ್ಬಳಿಗೇ ಎಂದರೆ ಮೊದಲ ತಿಂಗಳಲ್ಲೇ ಸಹೋದ್ಯೋಗಿಗಳು ಕಾರಣ ಕೇಳುತ್ತಾರೆ’ ಎಂದರು. ಅವರ ಲೆಕ್ಕವೇ ಸರಿ. ವಿನಾಯಿತಿಯೂ ಕೆಲವೊಮ್ಮೆ ಗುಟ್ಟು ಬಿಟ್ಟುಕೊಡುತ್ತದೆ. ಸರದಿಯಂತೆ ಪಾಳಿ ಎಂದೇ ತೀರ್ಮಾನವಾಯಿತು. ಹಳೆಯ ವರದಿಯನ್ನು ಇಮೇಲ್‌ಗಳಿಂದ ಅಳಿಸಿದ್ದಾಗಿ ಕಂಪನಿ ಲಿಖಿತವಾಗಿ ತಿಳಿಸಿತು. ಆಕೆ ಗೊತ್ತಾದ ದಿನಕ್ಕಿಂತ ಒಂದು ತಿಂಗಳ ಮೇಲೆ ತಡವಾಗಿ ಕೆಲಸಕ್ಕೆ ಸೇರಿದರು. ಆ ಅವಧಿಯ ಸಂಬಳ ಸಿಗಲಿಲ್ಲ. ಅದಕ್ಕಾಗಿ ಹೊಸ ವ್ಯಾಜ್ಯ ಹೂಡಿ, ದುಡಿಯಬೇಕಾದ ಜಾಗದಲ್ಲೇ ವೈರ ಕಟ್ಟಿಕೊಳ್ಳುವುದು ಆಕೆಗೆ ಬೇಡವಾಗಿತ್ತು.

ಬದಲಾದದ್ದು, ಬದಲಾಗದ್ದು

ಕಂಪನಿಯ ನಮೂನೆಯಿಂದ ‘ಎಂದಾದರೂ’ ಹೋಯಿತು. ಈಗ ಅಲ್ಲಿರುವುದು ಹುದ್ದೆಯ ಕೆಲಸಗಳ ಪಟ್ಟಿ, ಅವುಗಳಲ್ಲಿ ಯಾವುದಕ್ಕಾದರೂ ಆರೋಗ್ಯದ ಅಡ್ಡಿಯಿದೆಯೇ ಎಂಬ ಪ್ರಶ್ನೆ. ತುಂಬಿದ ನಮೂನೆ ವೈದ್ಯಾಧಿಕಾರಿಯ ಕಪಾಟಿಗೆ ಹೋಗುತ್ತದೆ, ಎಚ್‌ಆರ್‌ಗೆ ಹೋಗುವುದು ಅರ್ಹತೆಯ ಒಂದು ಪುಟ. ಇದಕ್ಕೆ ಖರ್ಚೇನೂ ಬೀಳಲಿಲ್ಲ. ತಪಾಸಣೆಗೆ ಆಸ್ಪತ್ರೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವವರು, ತೀರ್ಮಾನದ ಪುಟವನ್ನು ಬಿಟ್ಟು ಬೇರೇನನ್ನೂ ನಮಗೆ ಕಳುಹಿಸಬೇಡಿ ಎಂದು ಒಪ್ಪಂದದಲ್ಲೇ ಬರೆದುಕೊಳ್ಳಬಹುದು. ಆಸ್ಪತ್ರೆಗಳು ಉದ್ಯೋಗಪೂರ್ವ ತಪಾಸಣೆಗೆ ಬಂದವರಿಗೆ ಹಳೆಯ ರೋಗಿ ಸಂಖ್ಯೆಯನ್ನು ಜೋಡಿಸದೆ ಪ್ರತ್ಯೇಕ ಸಂಖ್ಯೆ ಕೊಡಬಹುದು. ಈ ಆಸ್ಪತ್ರೆ ಹಾಗೆ ಮಾಡುವುದಾಗಿ ಹೇಳಿದೆ.

ಕಡತವನ್ನು ತೆರೆದವರ ದಾಖಲೆ ಬಹಳ ತಡವಾಗಿ ಬಂತು. ಅದರಲ್ಲಿ ತಪಾಸಣೆ ಮಾಡಿದ ವೈದ್ಯರ ಹೆಸರಲ್ಲದೆ ಇನ್ನೂ ಒಂದು ಲಾಗಿನ್ ಇತ್ತು, ಮಾರ್ಕೆಟಿಂಗ್ ವಿಭಾಗದ್ದು. ಅದಕ್ಕೆ ಆಸ್ಪತ್ರೆ ಕೊಟ್ಟ ವಿವರಣೆ ತೃಪ್ತಿಕರವಾಗಿರಲಿಲ್ಲ. ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡುವ ಹಕ್ಕು ಕಾಯ್ದೆಯಲ್ಲಿದೆ. ಅಭ್ಯರ್ಥಿ ಸದ್ಯಕ್ಕೆ ಕೊಟ್ಟಿಲ್ಲ. ಕೊಡುವುದಾದರೆ ಬೇಕಾಗುವ ಕಾಗದಗಳನ್ನು ಒಂದೆಡೆ ಜೋಡಿಸಿಟ್ಟಿದ್ದಾರೆ.

ಏಜೆನ್ಸಿಯಿಂದ ಬಂದ ಉತ್ತರ ಒಂದು ಸಾಲಿನದು: ‘ನಮ್ಮ ಕಡೆಯಿಂದ ಅಳಿಸಲಾಗಿದೆ.’ ಅದೇ ಏಜೆನ್ಸಿ ಇನ್ನೂ ಹತ್ತಾರು ಔಷಧ ಕಂಪನಿಗಳಿಗೆ ಜನರನ್ನು ಒದಗಿಸುತ್ತದೆ. ಅಳಿಸಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳುವ ದಾರಿ ನಮಗೆ ಸಿಗಲಿಲ್ಲ. ಮುಂದೆ ಕೆಲಸ ಬದಲಿಸುವಾಗ ಆ ಏಜೆನ್ಸಿಯ ಮೂಲಕ ಹೋಗುವುದಿಲ್ಲ ಎಂದು ಆಕೆ ತೀರ್ಮಾನಿಸಿದ್ದಾರೆ.